ಉಡಿಗೆ ಬಿದ್ದ ತಗಡಿನ ಬಸ್ಸು

ನ್ಯಾಮತಿ
18 ನವೆಂಬರ್ 2024

ಚಿ. ಸೌ. ಉಷಾರಾಣಿಗೆ,

ತಂಗಿಗೆ ಬರೆಯುವಾಗ ಹೀಗೆ ಶುರು ಮಾಡಬೇಕೆಂದು ಅಪ್ಪ ಕಲಿಸಿದ್ದರು, ಮಾಡಿದ್ದೇನೆ. ಆಶೀರ್ವಾದವನ್ನು ಮಾತ್ರ ಈ ಸಲ ನನ್ನಿಂದ ಎದುರು ನೋಡಬೇಡ. ಫೋನಿನಲ್ಲಿ ಬೈದರೆ ನೀನು "ಹಲೋ, ಹಲೋ, ಕೇಳಿಸ್ತಿಲ್ಲ ಅಕ್ಕ" ಎಂದು ಕಟ್ ಮಾಡುತ್ತೀಯ. ನಿನ್ನೆಯೂ ಅದನ್ನೇ ಮಾಡಿದೆ. ಅದಕ್ಕೇ ಈ ಕಾಗದ. ಇದಕ್ಕೆ ಕೆಂಪು ಗುಂಡಿ ಇಲ್ಲ, ಪೂರ್ತಿ ಓದು.

ನಿನ್ನ ಮಗಳು ದುರ್ಗಾಂಬಿಕಾಳ ಕುಬುಸದ ಫೋಟೊ ಮೊಬೈಲಿಗೆ ಬಂತು. ನೀನು ಕಳಿಸಿದ್ದಲ್ಲ, ನಿನ್ನ ಚನ್ನಗಿರಿ ಬೀಗರ ಕಡೆಯವರು ಯಾರೋ ಕಳಿಸಿದ್ದು. ಏಳು ತಿಂಗಳ ಬಸುರಿ ಹುಡುಗಿ ಹಸಿರು ಸೀರೆ, ಕೈ ತುಂಬ ಹಸಿರು ಬಳೆ ಹಾಕಿಕೊಂಡು ಮಣೆ ಮೇಲೆ ಕೂತಿದ್ದಾಳೆ. ಚೆಂದ ಕಾಣಿಸಿದಳು, ನನ್ನ ದೃಷ್ಟಿಯೇ ತಾಗೀತೆಂದು ನೆಟಿಗೆ ಮುರಿದೆ. ಆಮೇಲೆ ಫೋಟೊ ದೊಡ್ಡದು ಮಾಡಿ ಅವಳ ಉಡಿ ನೋಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಬಾಳೆಹಣ್ಣು. ಅವುಗಳ ನಡುವೆ ನನ್ನ ತಗಡಿನ ಬಸ್ಸು!

ಬೀರುವಿಗೆ ಓಡಿದೆ. ಮೇಲಿನ ಅರೆಯಲ್ಲಿ ಆನೆ ಹುಂಡಿ ಇದೆ, ಅಂಚೆ ಡಬ್ಬಿ ಹುಂಡಿ ಇದೆ, ಕೀಲಿ ಕೊಟ್ಟರೆ ಓಡುವ ಜೀಪು ಇದೆ, ರೋಡ್ ರೋಲರ್ ಇದೆ. ಬಸ್ಸು ನಿಂತಿದ್ದ ಜಾಗದಲ್ಲಿ ಸುತ್ತ ಧೂಳು, ನಡುವೆ ಬಸ್ಸಿನಷ್ಟೇ ಅಗಲದ ಖಾಲಿ.

ಕುಬುಸಕ್ಕೆ ಮುಂಚೆ ನೀನು ಬಂದು ನನ್ನ ಮನೆಯಲ್ಲಿ ಉಳಿದುಕೊಂಡಿದ್ದೆ. ನಾನು ತಾಲ್ಲೂಕು ಕಚೇರಿ ಎದುರಿನ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಜನರ ಪಹಣಿ ಒತ್ತುತ್ತಾ ನಿಂತಿದ್ದಾಗ ನೀನು ನನ್ನ ಬೀರು ತೆಗೆದೆ. ಬೀಗದ ಕೈ ದೇವರ ಗೂಡಿನಲ್ಲಿ ಇರುತ್ತದೆಂದು ನಿನಗಲ್ಲದೆ ಇನ್ಯಾರಿಗೆ ಗೊತ್ತು? ಹೊರಡುವಾಗ ಚೀಲ ಎದೆಗವಚಿಕೊಂಡು, "ಒಳ್ಳೇದಕ್ಕೇ ಹೋಗ್ತೀನಿ ಅಕ್ಕ, ಇಲ್ಲಿಂದಾನೇ ಹರಸು" ಎಂದು ಬೇರೆ ಹೇಳಿದೆ. ಆ ಚೀಲದೊಳಗೇ ಇತ್ತಲ್ಲವೇ?

ಆ ಬಸ್ಸು ಎಂಥದ್ದೆಂದು ನಿನಗೆ ಗೊತ್ತು. ನಮ್ಮ ಅಮ್ಮನಷ್ಟು ಹಳೆಯದು. ಕಿಟಕಿಗೊಬ್ಬರಂತೆ ಮುಖ ಬರೆದಿದೆ, ಒಬ್ಬಳು ಮೂಗುತಿ ಹಾಕಿಕೊಂಡಿದ್ದಾಳೆ, ಒಬ್ಬ ಪೇಟ ಸುತ್ತಿದ್ದಾನೆ. ಚಾವಣಿಯ ಸೀಳಿನಲ್ಲಿ ಕಾಸು ಹಾಕಿದರೆ ಬಾಗಿಲಲ್ಲಿ ನಿಂತ ಕಂಡಕ್ಟರ್ ಕೈ ಎತ್ತಿ ಗಂಟೆ ಬಾರಿಸುತ್ತಾನೆ. ಬಣ್ಣ ಇನ್ನೂ ಮೊದಲಿನದೇ. ಇಷ್ಟು ವರ್ಷ ಹಳೇ ಆಟಿಕೆ ಹುಡುಕಿಕೊಂಡು ಊರೂರು ಅಲೆದರೂ ಅಂಥ ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗಾಯಿತು ನಿನ್ನ ಕೊಡುಗೈ. ಬಸ್ಸು ವಾಪಸ್ ಬರಬೇಕು. ಬಸ್ಸಲ್ಲಿ ಬಂದರೂ ಸರಿ, ನೀನೇ ಹೊತ್ತು ತಂದರೂ ಸರಿ.

ಸಿಟ್ಟಿನಲ್ಲಿರುವ ನಿನ್ನ ಅಕ್ಕ,
ವಿಜಯಶ್ರೀ

*

ಜಗಳೂರು
29 ನವೆಂಬರ್ 2024

ಅಕ್ಕನಿಗೆ ಉಷಾ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಓದಿ ಅತ್ತೆ. ನನಗೆ ನಿನ್ನಂಗೆ ಬರೆಯಾಕೆ ಬರಲ್ಲ, ಮಾತಾಡಿದಂಗೇ ಬರೀತೀನಿ. ಕಳ್ಳಿ ಅನ್ನೋ ಪದ ಒಂದು ಬಿಟ್ಟು ಎಲ್ಲಾ ಬರೆದೀಯಲ್ಲ, ಅದನ್ನೂ ಬರೆದುಬಿಡಬೇಕಿತ್ತು.

ನಾನೇನು ಕದ್ದು ಸಂತೇಲಿ ಮಾರಿದೆನಾ? ನಮ್ಮನೆ ಮಗಳ ಉಡಿಗೆ ಹಾಕೀನಿ. ಹುಟ್ಟೋ ಮಗೀಗೆ ಒಂದು ಆಟಿಕೆ ಇಡೋಣ ಅಂತ ಅಮ್ಮ ಹೇಳಿದ್ದು. ಅಂಗಡೀಲಿ ನೋಡಿದೆ, ಬರೀ ಪ್ಲಾಸ್ಟಿಕ್ಕು. ನಿನ್ನ ಬೀರುವಿನಾಗೆ ಇಷ್ಟೊಂದು ಐತೆ, ನಿನಗೇನು ಮಕ್ಕಳಾ ಮರಿಯಾ, ಯಾರು ಆಡಬೇಕು ಅವನ್ನ? ಕೇಳಿದರೆ ಕೊಡಲ್ಲ ಅಂತಿದ್ದೆ. ಅದಕ್ಕೆ ಕೇಳಲಿಲ್ಲ. ಚನ್ನಗಿರಿ ಬೀಗರು ಎಷ್ಟು ಮೆಚ್ಚಿಕೊಂಡರು ಗೊತ್ತಾ? ನಮ್ಮ ಅಳಿಯ ಪ್ರಸನ್ನಕುಮಾರ್ ಎಲ್ಲರಿಗೂ ತೋರಿಸಿ, "ಇಂಥದ್ದು ಈಗ ಸಿಗಲ್ಲ ಕಣ್ರೀ" ಅಂದರು.

ಈಗ ವಾಪಸ್ ಕೊಡು ಅಂದರೆ ಹೆಂಗೆ? ಉಡಿಗೆ ಬಿದ್ದದ್ದನ್ನ ಯಾರಾದರೂ ವಾಪಸ್ ಕೇಳ್ತಾರೇನೇ? ಒಂದು ಕಾಳು ಅಕ್ಕಿ ಕೂಡ ಕೇಳಬಾರದು. ಕೇಳಿದರೆ ಆ ಹೆಣ್ಣುಮಗಳಿಗೆ ಒಳ್ಳೇದಾಗಲ್ಲ ಅಂತಾರೆ. ನೀನು ದೊಡ್ಡೋಳು, ನಿನಗೆ ನಾನು ಹೇಳಬೇಕಾ? ಹೆರಿಗೆಗೆ ಅಂತ ದುರ್ಗಾನ್ನ ಜಗಳೂರಿಗೆ ಕರಕೊಂಡು ಬಂದೀನಿ. ಅವಳ ಜೊತೆಗೇ ಬಸ್ಸೂ ಬಂದೈತೆ, ಜೋಪಾನವಾಗೈತೆ.

ಬಣ್ಣ ಮಾಸಿ ಡಲ್ ಆಗಿತ್ತು. ತೊಟ್ಟಿಲ ಕಾರ್ಯದ ದಿನ ನಾಲ್ಕು ಜನ ನೋಡ್ತಾರೆ, ಹಳೇ ಸಾಮಾನು ಕೊಟ್ಟರು ಅಂತ ಬೀಗರು ಅನ್ನಬಾರದು ನೋಡು, ಅದಕ್ಕೆ ನಂಬರ್ ಪ್ಲೇಟ್ ಬರೆಯೋ ಜಂಪಣ್ಣಗೆ ಪೇಂಟ್ ಹೊಡಿಯಾಕೆ ಕೊಟ್ಟೀನಿ. ಹಸಿರು ಬಣ್ಣ, ಪಳಪಳ ಅಂತೈತೆ. ನೋಡಿದರೆ ನಿನಗೇ ಖುಷಿ ಆಗ್ತೈತೆ.

ಅಮ್ಮ ನಿನ್ನನ್ನ ಕೇಳಿದಳು. ಮಂಡಿನೋವು ಹಂಗೇ ಐತೆ.

ನಿನ್ನ ತಂಗಿ,
ಉಷಾ

*

ನ್ಯಾಮತಿ
4 ಡಿಸೆಂಬರ್ 2024

ಉಷಾ,

ಈ ಸಲ ಚಿ. ಇಲ್ಲ, ಸೌ. ಇಲ್ಲ. ಬಣ್ಣ ಹೊಡೆಸುವುದನ್ನು ನಿಲ್ಲಿಸು! ಈ ಕಾಗದ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಮೊದಲು ಆ ಜಂಪಣ್ಣನ ಅಂಗಡಿಗೆ ಓಡು. ಬಂದು ಮಿಕ್ಕಿದ್ದು ಓದು.

ಹೋಗಿ ಬಂದೆಯಾ? ಸರಿ. ನಮ್ಮಂಥವರಿಗೆ ಆ ಮಾಸಿದ ಬಣ್ಣವೇ ಪ್ರಾಣ. ಅದರ ಮೇಲೆ ಹಸಿರು ಬಳಿಯುವುದೂ ಒಂದೇ, ಅಮ್ಮನ ಮುಖದ ಸುಕ್ಕು ಕಾಣಬಾರದೆಂದು ಸುಣ್ಣ ಹೊಡೆಯುವುದೂ ಒಂದೇ. ಇನ್ನೊಂದು ಮಾತು, ಹಳೇ ಆಟಿಕೆಯ ಬಣ್ಣದಲ್ಲಿ ಸೀಸ ಇರುತ್ತದೆ. ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಡುತ್ತದೆ. ತಗಡಿನ ಅಂಚು ಬ್ಲೇಡಿನಂತಿದೆ. ಮೊಮ್ಮಗುವಿಗೆ ಕೊಡುವ ಉಡುಗೊರೆಯಾ ಇದು? ಕೇಳಿದ್ದರೆ ಇದನ್ನೆಲ್ಲ ಹೇಳುತ್ತಿದ್ದೆ. ನೀನು ಕೇಳಲಿಲ್ಲ.

"ನಿನಗೇನು ಮಕ್ಕಳಾ ಮರಿಯಾ" ಎಂದು ಬರೆದಿದ್ದೀಯ. ಎಷ್ಟು ಸಲೀಸಾಗಿ ಬರೆದೆ! ಗಂಡಸರು ಹಳೇ ನಾಣ್ಯ ಕೂಡಿಸಿದರೆ ಹವ್ಯಾಸ, ಗಡಿಯಾರ ಕೂಡಿಸಿದರೆ ದೊಡ್ಡ ಮನುಷ್ಯರ ಶೋಕಿ. ನಾನು ತಗಡಿನ ಬಸ್ಸು, ಹುಂಡಿ ಕೂಡಿಸಿದರೆ ಮಾತ್ರ ಪಾಪ, ಮಕ್ಕಳಿಲ್ಲದ ಕೊರಗು. ನನ್ನ ಗಂಡ ಭೀಮೇಶ್ ಇದ್ದಾಗಲೂ ಜನ ಹೀಗೇ ಅನ್ನುತ್ತಿದ್ದರು. ಅವರು ನಕ್ಕು, "ಆಡಾಕೆ ಅಲ್ರೀ, ನೋಡಾಕೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ನನಗೆ ಕೊರಗು ಇದ್ದರೆ ಅದು ನನ್ನದು, ಅದನ್ನು ನಾನು ಬೀರುವಿನಲ್ಲಿ ಇಟ್ಟಿಲ್ಲ. ಬೀರುವಿನಲ್ಲಿ ಇಟ್ಟಿರುವುದು ನನ್ನ ಸಂತೋಷ. ಅದಕ್ಕೇ ಕೈ ಹಾಕಿದೆ ನೀನು.

ಆ ಬಸ್ಸು ಎಲ್ಲಿಂದ ಬಂತೆಂದು ಹೇಳುತ್ತೇನೆ, ಕೇಳು. ಸಾಸ್ವೆಹಳ್ಳಿಯ ಬೊಮ್ಮಕ್ಕ ಎಂಬ ಮುದುಕಿಯ ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿಗಳ ಹಿಂದೆ ಇತ್ತು. ಅವಳ ತಮ್ಮನ ಬಸ್ಸು, ಆ ತಮ್ಮ ಚಿಕ್ಕವನಿದ್ದಾಗಲೇ ಹೊಳೆಯಲ್ಲಿ ಹೋದನಂತೆ. ನಾನು ಹೊನ್ನಾಳಿ ಕಡೆಗೆ ಹೋದಾಗಲೆಲ್ಲ ಅವಳ ಜಗುಲಿಯಲ್ಲಿ ಕೂತು ಎಲೆ-ಅಡಿಕೆ ಹಾಕಿ ಬರುತ್ತಿದ್ದೆ. ಮಾರುವುದಿಲ್ಲ ಎಂದಿದ್ದಳು. ಕೊನೆಗೊಂದು ದಿನ ತಾನಾಗಿ ಕೆಳಗಿಳಿಸಿ ತಂದು ನನ್ನ ಕೈಯಲ್ಲಿಟ್ಟು, "ನೀನಾದರೆ ಇಟ್ಕಂತೀಯ. ಮಕ್ಕಳ ಕೈಗೆ ಮಾತ್ರ ಕೊಡಬ್ಯಾಡವ್ವ, ಮುರೀತಾವೆ" ಎಂದಳು. ನಾನು ಆಯಿತು ಎಂದೆ. ಈಗ ಅವಳಿಲ್ಲ. ಅವಳಿಗೆ ನಾನು ಕೊಟ್ಟ ಆ ಮಾತನ್ನು ನೀನು ಮುರಿಸಿದೆ.

ಇಷ್ಟು ಬರೆದ ಮೇಲೆ ಅಡ್ಡಗೋಡೆ ಮೇಲೆ ದೀಪ ಇಡುವುದೇಕೆ, ಅಸಲು ಮಾತನ್ನೂ ಬರೆದುಬಿಡುತ್ತೇನೆ. ಕುಬುಸಕ್ಕೆ ನಾನು ಹೊಸ ಸೀರೆ ತೆಗೆದಿಟ್ಟಿದ್ದೆ. ನೀನು ನನ್ನ ಮನೆಯಲ್ಲೇ ಕೂತು, ನಾನು ಮಾಡಿದ ರೊಟ್ಟಿ ತಿಂದು, "ನೀನು ಬರೋದು ಬ್ಯಾಡ ಅಕ್ಕ, ಬೀಗರು ಪದ್ಧತಿಯೋರು, ಏನಾದರೂ ಅಂದಾರು" ಎಂದೆ. ಗಂಡ ಸತ್ತವಳು, ಹೆರದವಳು, ಇವಳ ಕೈಯ ಅಕ್ಕಿ ಬಸುರಿಯ ಉಡಿಗೆ ಬೀಳಬಾರದು. ನಾನು ಹೂಂ ಎಂದೆ. ಜಗಳವಾಡಲಿಲ್ಲ. ಸೀರೆ ಮಡಚಿ ಒಳಗಿಟ್ಟೆ.

ಹೌದೇನೇ ಉಷಾ, ನನ್ನ ಕೈ ಅಪಶಕುನ, ನನ್ನ ಕೈ ಸವರಿ ಸವರಿ ಒರೆಸಿದ ಬಸ್ಸು ಮಂಗಳವಾ? ಆ ಬಸ್ಸಿನ ಮೈ ತುಂಬ ಇರುವುದು ಈ ಬಂಜೆಯ ಬೆರಳೇ ಅಲ್ಲವಾ? ಅದು ಉಡಿಗೆ ಹೇಗೆ ನಡೆಯಿತು? ನಿನ್ನ ಬೀಗರನ್ನು ಕೇಳಿ ಬರೆ.

ವಿಜಯಶ್ರೀ

*

ಜಗಳೂರು
20 ಡಿಸೆಂಬರ್ 2024

ಅಕ್ಕ,

ಜಂಪಣ್ಣನ ಹತ್ರ ಹೋದೆ. ಅಷ್ಟೊತ್ತಿಗೆ ಒಂದು ಮಗ್ಗುಲು ಹೊಡೆದುಬಿಟ್ಟಿದ್ದ. ಇನ್ನೊಂದು ಮಗ್ಗುಲು ಹಂಗೇ ಐತೆ. ಅದಕ್ಕೆ ನಾನೇನು ಮಾಡಲಿ.

ಒಂದು ಮಾತು ಕೈ ಮುಗಿದು ಕೇಳ್ತೀನಿ. ಇದನ್ನೆಲ್ಲ ದುರ್ಗಾನ ಕಿವಿಗೆ ಹಾಕಬ್ಯಾಡ. ತುಂಬಿದ ಬಸುರಿ, ಮನಸ್ಸಿಗೆ ನೋವಾಗಬಾರದು. ಬಸ್ಸನ್ನ ದೊಡ್ಡಮ್ಮನೇ ಕಳಿಸಿದ್ದು ಅಂತ ಅವಳು ತಿಳಕೊಂಡಾಳೆ. ಹಂಗೇ ತಿಳಕೊಂಡಿರಲಿ.

ಬೀಗರನ್ನ ಕೇಳಬೇಕಂತೆ! ನಾನೂ ಒಬ್ಬ ಮಗಳನ್ನ ಕೊಟ್ಟೀನಿ ಅಕ್ಕ. ಅವಳು ಆ ಮನೇಲಿ ಬಾಳಬೇಕು. ನಾಳೆ ಏನಾದರೂ ಹೆಚ್ಚು ಕಮ್ಮಿ ಆದರೆ ಅವತ್ತು ಉಡಿ ತುಂಬಿದೋರು ಯಾರು ಅಂತ ಹುಡುಕ್ತಾರೆ. ನಿನ್ನ ಹೆಸರು ಬರಬಾರದು ಅಂತಾನೇ ನಾನು ಬ್ಯಾಡ ಅಂದೆ. ನಿನಗೆ ಅದೂ ತಪ್ಪು.

ಉಷಾ

*

ನ್ಯಾಮತಿ
2 ಫೆಬ್ರವರಿ 2025

ಉಷಾ,

ದುರ್ಗಾಳಿಗೆ ಹೆಣ್ಣು ಮಗು ಆಗಿದೆಯೆಂದು ಅಂಗಡಿಗೆ ಜೆರಾಕ್ಸ್ ಮಾಡಿಸಲು ಬಂದ ಚಿಕ್ಕಹನುಮಂತಪ್ಪ ಮೇಷ್ಟ್ರು ಹೇಳಿದರು. ಅವರಿಗೆ ಜಗಳೂರಿನ ನೆಂಟರು ಹೇಳಿದ್ದಂತೆ. ಊರಿಗೆಲ್ಲ ಪೇಡ ಹಂಚಿದ ಮೇಲೆ ನನಗೆ ಸುದ್ದಿ.

"ಏನ್ರೀ, ನಿಮಗೆ ಗೊತ್ತಿಲ್ವಾ?" ಎಂದು ಅವರು ಕೇಳಿದಾಗ, "ಗೊತ್ತಿಲ್ಲದೆ ಏನ್ರೀ, ನಾನೇ ಮೊದಲು ಕೇಳಿದ್ದು" ಎಂದು ಸುಳ್ಳು ಹೇಳಿದೆ. ನಿನ್ನ ಮರ್ಯಾದೆ ಉಳಿಸಲು ಹೇಳಿದ್ದು. ಯಾಕೆ ಹೇಳಿದೆನೋ ಎಂದು ಈಗ ಮೈ ಉರಿಯುತ್ತಿದೆ.

ತಾಯಿ ಮಗು ಚೆನ್ನಾಗಿರಲಿ. ಬಸ್ಸು ತೊಟ್ಟಿಲಿನ ಹತ್ತಿರ ಇಡಬೇಡ. ಸೀಸದ ವಿಷಯ ಮರೆಯಬೇಡ.

ವಿಜಯಶ್ರೀ

*

ಜಗಳೂರು
11 ಏಪ್ರಿಲ್ 2025

ಪ್ರೀತಿಯ ದೊಡ್ಡಮ್ಮನಿಗೆ ದುರ್ಗಾ ಮಾಡುವ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಈ ಜಗಳ ಕಾಗದದಲ್ಲೇ ನಡೆದಿದೆಯೆಂದು ಅಜ್ಜಿ ಹೇಳಿದಳು, ಅದಕ್ಕೆ ನಾನೂ ಕಾಗದ ಹಿಡಿದೆ. ಮಗು ಮಲಗಿದೆ, ಎದ್ದರೆ ಅರ್ಧಕ್ಕೇ ನಿಲ್ಲಿಸುತ್ತೇನೆ.

ದೊಡ್ಡಮ್ಮ, ನನಗೆ ಏನೂ ಗೊತ್ತಿರಲಿಲ್ಲ. ಕುಬುಸದ ದಿನ ಉಡಿಯಲ್ಲಿ ಬಸ್ಸು ನೋಡಿ ಎಷ್ಟು ಹಿಗ್ಗಿದೆ ಗೊತ್ತಾ? ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ನ್ಯಾಮತಿಗೆ ಬಂದರೆ ನೀನು ನನ್ನ ಕೈ ತೊಳೆಸಿ, ಒರೆಸಿ, ಚಾಪೆ ಮೇಲೆ ಕೂರಿಸಿ ಬೀರು ತೆಗೆಯುತ್ತಿದ್ದೆ. ಬಸ್ಸನ್ನು ನೀನೇ ಹಿಡಿದುಕೊಂಡು, "ಒಂದೇ ಕಾಸು, ಒಂದೇ ಸಲ" ಎನ್ನುತ್ತಿದ್ದೆ. ಕಂಡಕ್ಟರ್ ಕೈ ಎತ್ತುತ್ತಿದ್ದ. ಅಷ್ಟು ಕಟ್ಟುನಿಟ್ಟಿನ ದೊಡ್ಡಮ್ಮ ನನ್ನ ಮಗುವಿಗೆ ಅದನ್ನು ಕೊಟ್ಟಳಲ್ಲ ಎಂದು ಕಣ್ಣಲ್ಲಿ ನೀರು ಬಂತು. ಉಡಿ ತುಂಬುವವರ ಸಾಲಿನಲ್ಲಿ ನಿನ್ನನ್ನೇ ಹುಡುಕಿದೆ. ಅಮ್ಮ, "ಅಂಗಡಿ ಬಿಟ್ಟು ಬರಾಕೆ ಆಗಲಿಲ್ಲವಂತೆ" ಎಂದಳು. ನಂಬಿದೆ.

ಮೊನ್ನೆ ಬಸ್ಸಿನ ಒಂದು ಮಗ್ಗುಲು ಹಸಿರು ಯಾಕಾಯಿತೆಂದು ಅಜ್ಜಿಯನ್ನು ಕೇಳಿದೆ. ನಮ್ಮ ಗಾದ್ರಮ್ಮಜ್ಜಿಗೆ ಮುಚ್ಚುಮರೆ ಎಲ್ಲಿಯದು? "ನಿಮ್ಮವ್ವ ಕೇಳದಂಗೆ ತಂದಾಳೆ, ದೊಡ್ಡೋಳನ್ನ ಬರಬ್ಯಾಡ ಅಂದಾಳೆ. ಮಗೀಗೆ ಏನಾದರೂ ಇಡು ಅಂದಿದ್ದು ನಾನು, ಅಕ್ಕನ ಮನೆ ಬೀರು ಒಡಿ ಅಂದಿದ್ದೆನಾ?" ಎಂದು ಎಲ್ಲ ಹೇಳಿಬಿಟ್ಟಳು. ನಿಮ್ಮಿಬ್ಬರ ಕಾಗದಗಳನ್ನೂ ಹುಡುಕಿ ಓದಿದೆ. ಅಮ್ಮನ ಮೇಲೆ ಕೂಗಾಡಿದೆ. ಅಮ್ಮ ಅತ್ತಳು. ಅತ್ತರೆ ಅತ್ತಳು. ಬಾಣಂತಿ ಸಿಟ್ಟಾಗಬಾರದು ಎಂದಳು. ಬಸುರಿ ನೋಯಬಾರದು, ಬಾಣಂತಿ ಸಿಟ್ಟಾಗಬಾರದು, ಇವರು ಮಾತ್ರ ಏನು ಬೇಕಾದರೂ ಮಾಡಬಹುದು! ನನ್ನ ಹೆಸರು ಹೇಳಿಕೊಂಡು ನಿನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರಲ್ಲ, ನನ್ನನ್ನು ಯಾರು ಕೇಳಿದರು?

ಬಸ್ಸು ವಾಪಸ್ ಕಳಿಸು ಎಂದರೆ ಅಮ್ಮ ಅದೇ ರಾಗ ಹಾಡುತ್ತಾಳೆ, ಉಡಿಗೆ ಬಿದ್ದದ್ದನ್ನು ಕೇಳಬಾರದು. ಸರಿ ದೊಡ್ಡಮ್ಮ, ನೀನು ಕೇಳಬೇಡ. ಮೇ ತಿಂಗಳ ಮೊದಲ ವಾರ ನಾನು ಮಗು ಕರೆದುಕೊಂಡು ಚನ್ನಗಿರಿಗೆ ಹೊರಡಬೇಕು. ಕಾರು ನ್ಯಾಮತಿಗೆ ಬಂದೇ ಹೋಗುತ್ತದೆ. ಸುತ್ತು ದಾರಿ ಎಂದು ಅಮ್ಮ ಗೊಣಗಿದಳು. ನಿಮ್ಮ ಅಳಿಯ, "ನಡಿ, ನಾನೇ ಓಡಿಸ್ತೀನಿ" ಎಂದಿದ್ದಾರೆ. ಆ ಹೊಸ ಸೀರೆ ಉಟ್ಟುಕೊಂಡಿರು.

ಮಗು ಎದ್ದಿತು.

ನಿನ್ನ ದುರ್ಗಾ

*

ನ್ಯಾಮತಿ
9 ಮೇ 2025

ಉಷಾ,

ನಿನ್ನ ಮಗಳು ಬಂದು ಹೋದಳು. ಏನಾಯಿತೆಂದು ಅವಳು ನಿನಗೆ ಹೇಳಿದ್ದಾಳೋ ಇಲ್ಲವೋ, ನಾನೇ ಬರೆಯುತ್ತೇನೆ. ಕೂತು ಓದು.

ಬೆಳಿಗ್ಗೆ ಕಾರು ಬಂತು. ಪ್ರಸನ್ನಕುಮಾರ್ ಮಗುವನ್ನು ಎತ್ತಿಕೊಂಡು ಇಳಿದರು, ಅವರ ಹಿಂದೆ ಅವರ ತಾಯಿಯೂ ಇಳಿದರು. ನೀನು ಹೇಳುವ ಆ ಪದ್ಧತಿಯವರು ಇವರೇ ತಾನೇ? ಸೊಸೆಯನ್ನೂ ಮೊಮ್ಮಗುವನ್ನೂ ಕರೆದೊಯ್ಯಲು ಜಗಳೂರಿಗೆ ಬಂದವರು ಹಾಗೇ ಜೊತೆಗೆ ಬಂದಿದ್ದರು. ನಾನು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ, ಅಭ್ಯಾಸ ನೋಡು. ದುರ್ಗಾ ನೆಟ್ಟಗೆ ಬಂದು ಮಗುವನ್ನು ತೆಗೆದುಕೊಂಡು ನನ್ನ ತೋಳಿಗೆ ಹಾಕಿದಳು. ನಮ್ಮ ಅಪ್ಪನ ಹಣೆ ಬಂದಿದೆ ಅದಕ್ಕೆ.

ಆಮೇಲೆ ಅಡುಗೆಮನೆಗೆ ಹೋಗಿ ಮಣೆ ತಂದು ನಡುಮನೆಯಲ್ಲಿ ಹಾಕಿದಳು. "ಕೂರು ದೊಡ್ಡಮ್ಮ" ಎಂದಳು. ನಾನು ಯಾಕೆಂದು ಕೇಳುವುದರೊಳಗೆ ಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ ತೆಗೆದಿಟ್ಟಳು. "ಹುಚ್ಚು ಹಿಡಿದೈತಾ ನಿನಗೆ? ಗಂಡ ಸತ್ತೋಳಿಗೆ ಉಡಿ ತುಂಬ್ತಾರಾ?" ಎಂದು ನಾನೇ ಗದರಿದೆ. ಉಷಾ, ನಾನೇ! ನಿನ್ನ ಮೇಲೆ ಇಷ್ಟು ಕಾಗದ ಬರೆದ ನಾನೇ ಹಾಗೆಂದೆ.

ಅವಳು ಅಲುಗಾಡಲಿಲ್ಲ. "ಉಡಿ ಗಂಡಂದಾ ದೊಡ್ಡಮ್ಮ? ಸೆರಗು ನಿಂದಲ್ವಾ? ಒಡ್ಡು" ಎಂದಳು.

ನಾನು ಬೀಗರ ಮುಖ ನೋಡಿದೆ. ಆ ಹೆಂಗಸು ಮಣೆಯನ್ನು ನನ್ನ ಕಡೆ ಸರಿಸಿ, "ನನಗೂ ಉಡಿ ತುಂಬಿ ಬಾಳ ವರ್ಷ ಆತು. ಕೂರ್ರೀ, ಹುಡುಗಿ ಕೈ ನೋಯ್ತೈತೆ" ಎಂದರು. ಆಗ ನೆನಪಾಯಿತು, ಅವರೂ ಗಂಡನನ್ನು ಕಳೆದುಕೊಂಡವರೇ. ತಮ್ಮ ಸೊಸೆಯ ಕುಬುಸದಲ್ಲಿ ಅವರೂ ಹಿತ್ತಲ ಕಡೆ ಒಲೆ ಮುಂದೆ ಕೂತಿದ್ದರಂತೆ. ನಾನು ಬಂದರೆ ಏನಾದರೂ ಅಂದಾರು ಎಂದು ನೀನು ಹೆದರಿದ ಬೀಗರು ಯಾರೇ ಮಹಾತಾಯಿ? ನೀನು ಅವರನ್ನು ಒಂದು ಮಾತು ಕೇಳಿದ್ದೆಯಾ? ನಿನ್ನ ಭಯವನ್ನು ಅವರ ಹೆಸರಿನಲ್ಲಿ ನನ್ನ ಮನೆಗೆ ಹೊತ್ತು ತಂದೆಯಲ್ಲ!

ಕೂತೆ. ಸೆರಗು ಒಡ್ಡಿದೆ. ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಬೆಲ್ಲ ಹಾಕಿದಳು. ಕೊನೆಗೆ ಆ ಬಸ್ಸನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಉಡಿಗೆ ಇಟ್ಟಳು. "ವಾಪಸ್ ಕೇಳಬಾರದು ಅಂತಾರೆ, ಇನ್ನೊಬ್ಬರ ಉಡಿಗೆ ಹಾಕಬಾರದು ಅಂತ ಯಾರೂ ಹೇಳಿಲ್ಲ" ಎಂದಳು. ಭೀಮೇಶ್ ಹೋದ ಮೇಲೆ ನನ್ನ ಸೆರಗಿಗೆ ಇಷ್ಟು ಭಾರ ಬಿದ್ದಿರಲಿಲ್ಲ. ನಾನು ಅತ್ತೆ, ಜೋರಾಗಿಯೇ ಅತ್ತೆ. ನನ್ನ ಅಳು ಕೇಳಿ ಮಗುವೂ ಅತ್ತಿತು.

ಹೊರಡುವ ಮುಂಚೆ ನಾನು ದುರ್ಗಾಳಿಗೆ ಉಡಿ ತುಂಬಿದೆ. ನನ್ನ ಕೈಯಿಂದ, ನಮ್ಮ ಮನೆ ಅಕ್ಕಿ. ಬೀಗರು ಪಕ್ಕದಲ್ಲೇ ನಿಂತು ಎಲೆ-ಅಡಿಕೆ ಎತ್ತಿ ಕೊಟ್ಟರು.

ನಾನು ಮೆತ್ತಗಾದೆನೆಂದು ತಿಳಿಯಬೇಡ. ಬಸ್ಸಿನ ಹಸಿರು ಮಗ್ಗುಲಲ್ಲಿ ಮೂಗುತಿಯವಳು ಹೋದಳು, ಪೇಟದವನು ಹೋದ. ಆ ಬಣ್ಣ ಕೆರೆದರೆ ಕೆಳಗಿನದೂ ಎದ್ದು ಬರುತ್ತದೆ. ಇನ್ನು ಅದು ಹಾಗೇ ಇರಬೇಕು. ಗೋಡೆಗೆ ಮುಖ ಮಾಡಿ ಇಡೋಣ ಎಂದುಕೊಂಡಿದ್ದೆ, ಇಡಲಿಲ್ಲ. ಹಸಿರು ಮಗ್ಗುಲನ್ನೇ ಮುಂದಿಟ್ಟಿದ್ದೇನೆ, ನೀನು ಬಂದಾಗ ನೋಡಲಿ ಎಂದು. ನಿನ್ನ ಮಗಳ ಕುಬುಸದ ಅಕ್ಕಿ ಸೀಳಿನೊಳಗೆ ಬಿದ್ದು ಕಂಡಕ್ಟರನ ಕೈ ಮೇಲೆತ್ತಿದ್ದು ಕೆಳಗಿಳಿಯುತ್ತಿಲ್ಲ. ಹೇರ್‌ಪಿನ್ನಿನಲ್ಲಿ ತೆಗೆಯಬಹುದು. ಸದ್ಯಕ್ಕೆ ತೆಗೆದಿಲ್ಲ.

ಅಮ್ಮನ ಮಂಡಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚು. ನೀನೂ ಬಾ, ರೊಟ್ಟಿ ಮಾಡಿ ಹಾಕುತ್ತೇನೆ, ನಿನ್ನೆದುರು ಕೂತು ಉಳಿದಿದ್ದನ್ನೂ ಬೈಯುತ್ತೇನೆ. ಬೀಗದ ಕೈ ಈಗ ದೇವರ ಗೂಡಿನಲ್ಲಿ ಇರುವುದಿಲ್ಲ. ಬಸ್ಸನ್ನು ಮಾತ್ರ ಇನ್ನು ನೀನಾಗಲಿ, ನಿನ್ನ ನೆಂಟರಾಗಲಿ, ಯಾರೂ ಕೇಳುವ ಹಾಗಿಲ್ಲ. ಅದು ನನ್ನ ಉಡಿಗೆ ಬಿದ್ದದ್ದು.

ನಿನ್ನ ಅಕ್ಕ,
ವಿಜಯಶ್ರೀ